ಅಡುಗೆಯವನು ಏನಾದ

ದಾರದಕ್ಕನ ಕೈಯಲ್ಲಿ ಸಾವಿರಾರು ಪುಸ್ತಕಗಳು ಹೊಲಿಸಿಕೊಂಡು ಹೋಗಿದ್ದವು. ಆದರೆ ಐವತ್ತು ದಾಟುವವರೆಗೆ ಅವಳು ಒಂದು ಪುಸ್ತಕವನ್ನೂ ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ. ಓದಲು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವಳು ದುಡಿಯುತ್ತಿದ್ದುದು ಬೈಂಡಿಂಗ್ ಕಾರ್ಖಾನೆಯಲ್ಲಿ, ಅಲ್ಲಿಗೆ ಪುಸ್ತಕ ಪುಸ್ತಕವಾಗಿ ಬರುವುದಿಲ್ಲ. ಹದಿನಾರು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಗಳಾಗಿ ಬರುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಮಡಚುವವರು ಮಡಚಿ, ಜೋಡಿಸುವವರು ಸಾಲಾಗಿ ಜೋಡಿಸಿ ಕೊಟ್ಟದ್ದನ್ನು ಇವಳು ಹೊಲಿಯಬೇಕು. ಹೊಲಿದದ್ದು ಆಚೆ ಮೇಜಿಗೆ ಹೋಗಿ, ಅಂಟು ಬಳಿಸಿಕೊಂಡು, ರಟ್ಟು ತೊಟ್ಟು, ದೊಡ್ಡ ಮನುಷ್ಯನಾಗಿ ಲಾರಿ ಹತ್ತುತ್ತಿತ್ತು. ಆಮೇಲೆ ಅದಕ್ಕೆ ಇವಳ ಗುರುತು ಎಲ್ಲಿಂದ ಬರಬೇಕು. ಇವಳ ಪಾಲಿಗೆ ಉಳಿಯುತ್ತಿದ್ದುದು ಮಸಿ ಹರಡಿದ, ಅಡ್ಡಾದಿಡ್ಡಿ ಮಡಚಿದ ಹಾಳು ಫಾರಂಗಳು.

ಅವನ್ನು ಮನೆಗೆ ಒಯ್ದರೆ ಮೇಸ್ತ್ರಿ ಬೇಡವೆನ್ನುತ್ತಿರಲಿಲ್ಲ. ಡಬ್ಬಿಯ ತಳಕ್ಕೆ ಹಾಸಲು, ಕಿಟಕಿಯ ಒಡೆದ ಗಾಜಿಗೆ ಅಂಟಿಸಲು ಬೇಕಾಗುತ್ತಿತ್ತು. ಆದರೆ ಹಾಸುವ ಮೊದಲು ಓದಬೇಕು. ಓದದಿದ್ದರೆ ಮನೆಯಲ್ಲಿ ಓರಗಿತ್ತಿ ಬಿಡುತ್ತಿರಲಿಲ್ಲ.

ಈ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅದೇ ಕಾರ್ಖಾನೆಯಲ್ಲಿ ಫಾರಂ ಮಡಚುವವಳು. ಕೈಗಿಂತ ಬಾಯಿ ಜೋರಾಗಿ ಓಡುತ್ತಿದ್ದುದರಿಂದ ಎಲ್ಲರೂ ಬಾಯಿಬಡುಕಿ ಎನ್ನುತ್ತಿದ್ದರು. ಬರಬರುತ್ತ ಅದು ಸವೆದು ಬಡುಕಿ ಎಂದಷ್ಟೇ ಉಳಿಯಿತು. ಅಕ್ಷರ ಕಲಿತವಳಲ್ಲ, ಪುಟದ ಅಂಕಿ ನೋಡಿಕೊಂಡು ಮಡಚುತ್ತಿದ್ದಳು. ದಾರದಕ್ಕನ ಗಂಡ ಸತ್ತ, ಬಡುಕಿಯ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಊರು ಸೇರಿದ. ಅತ್ತೆ ಬಿಟ್ಟುಹೋದ ಒಂದೂವರೆ ಕೋಣೆಯಲ್ಲಿ ಇವರಿಬ್ಬರೇ ಉಳಿದರು. ಗಂಡಂದಿರು ತಂದು ಹಾಕಿದ ಗಂಟು, ಗಂಡಂದಿರು ಬಿಡಿಸಿಕೊಂಡು ಹೋದರೂ ಸಡಿಲವಾಗಲಿಲ್ಲ. ಮಕ್ಕಳಿರಲಿಲ್ಲ. ಜಗಳಕ್ಕೆ ಮಾತ್ರ ಬರವಿರಲಿಲ್ಲ.

ಸಂಜೆ ಒಲೆ ಹಚ್ಚಿದ ಮೇಲೆ ದಾರದಕ್ಕ ಗಟ್ಟಿಯಾಗಿ ಓದುವುದು, ಬಡುಕಿ ತರಕಾರಿ ಹೆಚ್ಚುತ್ತ ಮಾತಿಗೊಂದು ಮಾತು ಸೇರಿಸುವುದು. ಒಂದು ದಿನ ಕೊಲೆಯ ವಿಚಾರಣೆ, ಮರುದಿನ ಜೇನುಸಾಕಣೆ. ಇನ್ನೊಂದು ದಿನ ಯಾವಳೋ ರಾಜಕುಮಾರಿ ಕಿಟಕಿಯಲ್ಲಿ ನಿಂತು ಅಳುತ್ತಿದ್ದಳು. ಯಾಕೆ ಅಳುತ್ತಿದ್ದಾಳೆ ಎಂಬುದು ಹಿಂದಿನ ಫಾರಂ ಜೊತೆ ಲಾರಿ ಹತ್ತಿ ಹೋಗಿತ್ತು. ಪುಸ್ತಕದ ಹೊಟ್ಟೆ ಕಂಡವರೇ ಹೊರತು ತಲೆ ಬಾಲ ಕಂಡವರಲ್ಲ. ಬಡುಕಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ, ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ರಾಜಕುಮಾರಿಗೆ ಹಲ್ಲುನೋವು ಎಂದು ತೀರ್ಪು ಕೊಟ್ಟವಳು ಅವಳೇ.

ಹೊಲಿಗೆಯ ಹೆಂಗಸರದು ದಿನಗೂಲಿ. ಸಂಜೆ ಗಂಟೆ ಹೊಡೆದ ಮೇಲೆ ಮೇಸ್ತ್ರಿ ಸಾಲು ನೋಡಿಕೊಂಡು ಬಂದು, ನಾಳೆ ನೀನು ಬಾ, ನೀನು ಬೇಡ ಎಂದು ಬೆರಳು ತೋರಿಸುತ್ತಿದ್ದ. ಅದಕ್ಕೆ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಯಾರೂ ಕೈಯಲ್ಲಿದ್ದ ಪುಸ್ತಕ ಮುಗಿಸುತ್ತಿರಲಿಲ್ಲ. ಅರ್ಧ ಹೊಲಿದು, ಸೂಜಿಯನ್ನು ಮಡಿಕೆಯಲ್ಲೇ ಚುಚ್ಚಿ ಬಿಟ್ಟು ಏಳುತ್ತಿದ್ದರು. ಒಬ್ಬಳ ಕೈಯ ಬಿಗಿ ಇನ್ನೊಬ್ಬಳಿಗೆ ಬರುವುದಿಲ್ಲ, ಎರಡು ಕೈ ಸೇರಿದರೆ ಪುಸ್ತಕದ ಬೆನ್ನು ಸೊಟ್ಟಗಾಗುತ್ತದೆ. ಹಾಗಾಗಿ ಅರ್ಧ ಬಿಟ್ಟವಳನ್ನು ನಾಳೆ ಕರೆಯಲೇಬೇಕು. ಮುಗಿಸಿ ಎದ್ದವಳ ಹೊಲಿಗೆಯ ಹಲಗೆ ಖಾಲಿ, ಅವಳ ನಾಳೆಯೂ ಖಾಲಿ. ಮೊದಮೊದಲು ಇದು ಬರೀ ಜಾಣತನವಾಗಿತ್ತು. ವರ್ಷ ಕಳೆದಂತೆ ಮೈಗೆ ಹತ್ತಿ ನಂಬಿಕೆಯೇ ಆಯಿತು. ದಾರದಕ್ಕ ಮನೆಯಲ್ಲಿ ಅಂಗಿಗೆ ಗುಂಡಿ ಹಚ್ಚಿದರೂ ಒಂದು ಗುಂಡಿ ಬಾಕಿ ಬಿಡುತ್ತಿದ್ದಳು. ನಿನ್ನ ಅಂಗಿ ನಾಳೆ ನಿನ್ನನ್ನು ಕೂಲಿಗೆ ಕರೆಯುತ್ತಾ ಎಂದು ಬಡುಕಿ ಆಡಿಕೊಳ್ಳುತ್ತಿದ್ದಳು.

ಧೂಳಿನ ವಿಷಯಕ್ಕೆ ಒಮ್ಮೆ ಮುಷ್ಕರವೂ ಆಯಿತು. ಕಾಗದದ ಧೂಳು ಕಣ್ಣಿಗೆ ಕಾಣುವಂಥದ್ದಲ್ಲ, ಸೀನಿದಾಗ ಸೆರಗಿನಲ್ಲಿ ಹಿಟ್ಟಿನಂತೆ ಕಾಣುತ್ತದೆ. ಹೆಂಗಸರು ಬಾಗಿಲ ಮುಂದೆ ಕೂತರು. ಮುಂದಿನ ಸಾಲಿನಲ್ಲಿ ಕೂತು ಗಂಟಲು ಹರಿಯುವಂತೆ ಕೂಗಿದವಳು ಬಡುಕಿ. ಕೊನೆಗೆ ಮಾಲೀಕ ಒಂದು ದೊಡ್ಡ ಫ್ಯಾನು ಹಾಕಿಸಿದ. ಅದು ಮೂಲೆಯಲ್ಲಿ ತನ್ನ ಪಾಡಿಗೆ ಬಿದ್ದಿದ್ದ ಧೂಳನ್ನೂ ಎಬ್ಬಿಸಿ ಎಲ್ಲರ ಮೂಗಿಗೂ ಹಂಚಿತು. ಸಮಪಾಲು ಅಂತ ಕೇಳಿದ್ದಿರಲ್ಲ, ತಗೊಳ್ಳಿ ಎಂದಳು ಬಡುಕಿ. ಕೆಲವು ವರ್ಷಗಳ ಮೇಲೆ ಮಡಚುವುದಕ್ಕೂ ಹೊಲಿಯುವುದಕ್ಕೂ ಯಂತ್ರಗಳು ಬಂದವು. ಯಂತ್ರಕ್ಕೆ ಕೆಮ್ಮು ಬರುವುದಿಲ್ಲ, ಅದು ಬಾಗಿಲಲ್ಲಿ ಕೂತು ಕೂಗುವುದೂ ಇಲ್ಲ. ಇಬ್ಬರೂ ಒಂದೇ ದಿನ ಕೆಲಸ ಕಳೆದುಕೊಂಡು ಮನೆಗೆ ಬಂದರು. ಬಡುಕಿ ಕೆಮ್ಮನ್ನೂ ಜೊತೆಗೆ ತಂದಳು.

ದಾರದಕ್ಕನಿಗೆ ಒಂದು ದರ್ಜಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಬಡುಕಿ ಮಂಚ ಹಿಡಿದಳು. ಹಾಳು ಫಾರಂ ಬರುವುದು ನಿಂತು ಮನೆ ಬಿಕೋ ಎನ್ನತೊಡಗಿತು. ಅಷ್ಟು ಮಾತಿನವಳು ಗೋಡೆ ನೋಡುತ್ತ ಮಲಗಿರುವುದನ್ನು ಸಹಿಸಲಾರದೆ ದಾರದಕ್ಕ ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಬೀದಿಯ ಲೈಬ್ರರಿಗೆ ನುಗ್ಗಿದಳು. ನುಗ್ಗಿದಳು ಎನ್ನುವುದೇ ಸರಿ, ಅಂಥ ಕಡೆಗೆ ಮೆಲ್ಲಗೆ ಹೋದರೆ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಸ್ವೆಟರ್ ತೊಟ್ಟು ಕೂತಿದ್ದ ಲೈಬ್ರರಿಯವನು ಎಂಥ ಪುಸ್ತಕ ಬೇಕೆಂದು ಕೇಳಿದ.

"ಪೂರ್ತಿ ಇರೋದು ಕೊಡಿ ಸಾರ್" ಎಂದಳು ದಾರದಕ್ಕ.

ಅವನು ಕನ್ನಡಕ ಮೇಲೆತ್ತಿ ನೋಡಿದ. ಇಲ್ಲಿರುವುದೆಲ್ಲ ಪೂರ್ತಿಯವೇ, ಯಾವ ಬಗೆಯದು ಬೇಕು ಹೇಳಿ ಎಂದು ಬೀರುಗಳ ನೆತ್ತಿಗೆ ಅಂಟಿಸಿದ್ದ ಚೀಟಿಗಳನ್ನು ತೋರಿಸಿದ. ಕಾದಂಬರಿ, ಪತ್ತೇದಾರಿ, ಕವಿತೆ, ಪ್ರವಾಸ, ಆತ್ಮಕಥೆ, ವಿಜ್ಞಾನ. ಇಷ್ಟು ವರ್ಷ ಎಲ್ಲವನ್ನೂ ಒಂದೇ ಸೂಜಿಯಲ್ಲಿ ಹೊಲಿದವಳಿಗೆ ಪುಸ್ತಕಗಳಲ್ಲೂ ಜಾತಿ ಇದೆಯೆಂದು ಗೊತ್ತಾದದ್ದು ಅವತ್ತೇ.

ಒಂದು ಸಲಕ್ಕೆ ಒಂದೇ ಪುಸ್ತಕ. ಮೊದಲು ಪ್ರೇಮದ ಕಾದಂಬರಿ ಬಂತು. ಆ ಜೋಡಿ ತೋಟದಲ್ಲಿ ತಿರುಗಿತು, ಮುನಿಸಿಕೊಂಡಿತು, ಮತ್ತೆ ತಿರುಗಿತು. ಇವರಿಗೆ ಮಾಡೋಕೆ ಏನೂ ಕೆಲಸ ಇಲ್ವಾ, ಪಾತ್ರೆ ತೊಳೆಯೋರು ಯಾರು ಎಂದು ಬಡುಕಿ ಗೋಡೆ ಕಡೆ ತಿರುಗಿದಳು. ಪತ್ತೇದಾರಿಯಲ್ಲಿ ಹೆಣ ಬೀಳುವ ಮೊದಲೇ ಕೊಲೆಗಾರನನ್ನು ಹಿಡಿದುಕೊಟ್ಟಳು: ಇವನೇ, ಇವನ ಮಾತಿನ ನಯ ನಮ್ಮ ಮೇಸ್ತ್ರಿ ಥರಾನೇ ಇದೆ. ನೋಡಿದರೆ ಅವನೇ. ಕಷ್ಟಪಟ್ಟು ಮೇಲೆ ಬಂದ ಶ್ರೀಮಂತನೊಬ್ಬನ ಆತ್ಮಕಥೆಗೆ, ಯಾರ ಹೆಗಲ ಮೇಲೆ ಕಾಲಿಟ್ಟ ಅನ್ನೋದೊಂದು ಬಿಟ್ಟು ಎಲ್ಲ ಬರೆದಿದ್ದಾನೆ ಎಂದಳು. ಕವಿತೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅರ್ಧಕ್ಕರ್ಧ ಹಾಳೆ ಖಾಲಿ ಇರುವುದು ಕಂಡು, ಈ ಬರೀ ಬಿಳಿ ಕಾಗದ ಮಡಚಿ ನನ್ನ ಎದೆ ಹಾಳಾಯ್ತಲ್ಲ ಎಂದು ಗೊಣಗಿದಳು. ಆದರೆ ಅದರಲ್ಲಿ ಸತ್ತ ನಾಯಿಯ ಮೇಲೆ ಇದ್ದ ಒಂದು ಕವಿತೆಯನ್ನು ಮತ್ತೆ ಮತ್ತೆ ಓದಿಸಿಕೊಂಡಳು. ಅದರ ಬಗ್ಗೆ ಮಾತ್ರ ಏನೂ ಅನ್ನಲಿಲ್ಲ.

ದಾರದಕ್ಕನಿಗೆ ಪುಸ್ತಕ ಆರಿಸುವ ಚಪಲ ಹತ್ತಿತು. ಅಂಗಡಿಯ ಕೆಲಸ ಮುಗಿಸಿ ಬೀರುಗಳ ಮುಂದೆ ನಿಂತಳೆಂದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೆನ್ನು ಸವರಿ ಹೊಲಿಗೆ ಗಟ್ಟಿಯೇ ಎಂದು ನೋಡುವುದು, ಮೊದಲ ಪುಟ ಓದುವುದು, ಇದಕ್ಕೆ ಬಡುಕಿ ಏನೆಂದು ಬೈಯಬಹುದು ಎಂದು ಊಹಿಸಿ ಒಬ್ಬಳೇ ನಗುವುದು. ಒಳ್ಳೆಯ ಬೈಗುಳ ಬರುವಂತಿದ್ದರೆ ಆ ಪುಸ್ತಕ ಮನೆಗೆ. ಲೈಬ್ರರಿಯವನಿಗೂ ರುಚಿ ಹತ್ತಿ, ನಿಮ್ಮವರು ಏನಂದ್ರು ಎಂದು ಪ್ರತಿ ಸಲ ಕೇಳುತ್ತಿದ್ದ.

ಚಳಿ ಹೆಚ್ಚಾದಾಗ ಬಡುಕಿಯ ಉಸಿರು ಕೆಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ರೋಗಿಯನ್ನು ಆಚೆ ಕೂರಿಸಿ, ದಾರದಕ್ಕನ ಹತ್ತಿರ ಮಾತಾಡಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೂ ಅರ್ಥವಾಗದಂಥದ್ದೇನಲ್ಲ. ಬೇಸಿಗೆ ಕಾಣುವುದು ಕಷ್ಟ.

ಮರುದಿನ ಅವಳು ಲೈಬ್ರರಿಯಲ್ಲಿ ಯಾವ ಬೀರುವಿನ ಮುಂದೆಯೂ ನಿಲ್ಲಲಿಲ್ಲ. ಇರುವುದರಲ್ಲೇ ದಪ್ಪ ಪುಸ್ತಕ ಕೊಡಿ ಎಂದಳು. ಮುಗಿಯದ ಕೆಲಸ ಇಟ್ಟುಕೊಂಡವಳನ್ನು ನಾಳೆಗೆ ಕರೆಯಲೇಬೇಕು, ಇದು ಅವಳು ಇಡೀ ಬದುಕಿನಲ್ಲಿ ಕಲಿತ ಒಂದೇ ಕಾನೂನು. ಕೆಳಗಿನ ಮೇಸ್ತ್ರಿ ಈ ಕಾನೂನಿಗೆ ತಲೆಬಾಗಿದ್ದ. ಮೇಲಿನ ಮೇಸ್ತ್ರಿಯೂ ಬಾಗಬೇಕು.

ಲೈಬ್ರರಿಯವನು ಕೊಟ್ಟದ್ದು ಒಂದು ಸಮುದ್ರಯಾನದ ಪುಸ್ತಕ, ಒಬ್ಬ ಕ್ಯಾಪ್ಟನ್ ಬರೆದದ್ದು. ಅವನ ಹಡಗು ಬಂಡೆಗೆ ಬಡಿದು ಒಡೆದು, ಎಲ್ಲರೂ ಗುಟುಕು ಸಿಹಿನೀರಿಲ್ಲದ ಒಂದು ದ್ವೀಪಕ್ಕೆ ಬಿದ್ದಿದ್ದರು. ಕ್ಯಾಪ್ಟನ್‌ನ ಧೈರ್ಯ ಸಾಹಸ ಬಡುಕಿಯ ಕಿವಿಗೇ ಹೋಗಲಿಲ್ಲ. ಅವಳು ಗಟ್ಟಿಯಾಗಿ ಹಿಡಿದುಕೊಂಡದ್ದು ಹಡಗಿನ ಅಡುಗೆಯವನನ್ನು. ಅವನು ಒದ್ದೆ ಕಟ್ಟಿಗೆಯಲ್ಲಿ ಒಲೆ ಉರಿಸುತ್ತಿದ್ದ. ಹಿಟ್ಟಿನ ಚೀಲವನ್ನು ಕ್ಯಾಪ್ಟನ್ ಕಣ್ಣಿಗೂ ಬೀಳದಂತೆ ಬಚ್ಚಿಟ್ಟು ದಿನಕ್ಕೊಂದು ಹಿಡಿ ತೆಗೆಯುತ್ತಿದ್ದ. ಇಷ್ಟು ಜನರಲ್ಲಿ ಕೆಲಸ ಮಾಡೋನು ಇವನೊಬ್ಬನೇ, ಮಿಕ್ಕವರೆಲ್ಲ ಆಕಾಶ ನೋಡ್ತಾರೆ ಎಂದಳು ಬಡುಕಿ. ಪುಸ್ತಕ ಮುಕ್ಕಾಲು ದಾಟಿದಾಗ ಅಡುಗೆಯವನು ಮೂವರನ್ನು ಕರೆದುಕೊಂಡು, ಉಳಿದಿದ್ದ ಒಂದೇ ದೋಣಿಯಲ್ಲಿ ನೀರು ಹುಡುಕಲು ಹೋದ. ಸಂಜೆಗೆ ಬರಬೇಕಾದವನು ಬರಲಿಲ್ಲ.

ಅಲ್ಲಿಂದ ದಾರದಕ್ಕ ಓದನ್ನು ಕಡಿಮೆ ಮಾಡುತ್ತ ಬಂದಳು. ದಿನಕ್ಕೆ ಒಂದು ಪುಟ, ಆಮೇಲೆ ಅರ್ಧ. ನಿನ್ನೆಯದನ್ನೇ ಇನ್ನೊಮ್ಮೆ ಓದುವುದು, ನಡುವೆ ಎದ್ದು ನೀರು ಕುಡಿಯುವುದು. ಮುಂದಿನ ಪುಟಗಳನ್ನು ತಾನೂ ನೋಡಲಿಲ್ಲ, ನೋಡಿದರೆ ಅದೂ ಮುಗಿಸಿದ ಲೆಕ್ಕವೇ ತಾನೇ. ಬಡುಕಿಗೆ ಕಣ್ಣು ಕಟ್ಟಲು ಆಗುತ್ತದೆಯೇ.

"ಅಡುಗೆಯವನು ಹಿಟ್ಟು ಉಳಿಸಿದ, ಸರಿ. ಅವನಿಗೆ ಅಷ್ಟು ಹೊಟ್ಟೆ ತುಂಬಿಸೋದಿತ್ತು" ಎಂದಳು. "ನೀನು ಪುಟ ಉಳಿಸ್ತಿದ್ದೀಯಲ್ಲ ಅಕ್ಕ, ಯಾರಿಗೆ ಬಡಿಸೋಕೆ?"

"ಗಂಟಲು ಕಟ್ಟಿದೆ ಕಣೇ."

"ಈಗ ತಾನೇ ಪಕ್ಕದ ಮನೆಯವಳ ಜೊತೆ ಬೀದಿಗೆಲ್ಲ ಕೇಳೋ ಹಾಗೆ ಜಗಳ ಆಡಿ ಬಂದೆ. ಅದು ಯಾರ ಗಂಟಲು?"

ದಾರದಕ್ಕ ಇನ್ನೊಂದು ಪುಟ ಓದಿದಳು. ಆ ಪುಟದಲ್ಲಿ ಕ್ಯಾಪ್ಟನ್ ಸೂರ್ಯಾಸ್ತ ನೋಡುತ್ತಿದ್ದ. ಅಡುಗೆಯವನ ಸುಳಿವಿರಲಿಲ್ಲ.

ಆಮೇಲಾಮೇಲೆ ಬಡುಕಿಗೆ ಕೂರಲೂ ಆಗಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ಹುಡುಕಬೇಕು. ಒಂದು ಸಂಜೆ ದಾರದಕ್ಕ ಪುಸ್ತಕ ಮುಚ್ಚುವ ಹೊತ್ತಿಗೆ ಬಡುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಅವನು ಬಂದನಾ, ಇಲ್ವಾ. ಅಷ್ಟು ಹೇಳು. ಮಿಕ್ಕಿದ್ದು ಬೇಡ."

"ನನಗೂ ಗೊತ್ತಿಲ್ಲ ಕಣೇ, ಮುಂದೆ ನೋಡಿಲ್ಲ."

"ನೋಡು. ಕೈ ಇದೆಯಲ್ಲ."

"ನಾಳೆ ನೋಡೋಣ. ನಾಳೆಗೂ ಏನಾದರೂ ಇರಲಿ."

ಬಡುಕಿ ಅವಳ ಮುಖವನ್ನೇ ನೋಡುತ್ತ ಮಲಗಿದ್ದಳು. ಆಮೇಲೆ, "ನನ್ನನ್ನೂ ಸೂಜಿ ಚುಚ್ಚಿ ಇಟ್ಟಿದ್ದೀಯಾ" ಎಂದಳು. ಬೈದಳೋ ನಕ್ಕಳೋ ದಾರದಕ್ಕನಿಗೆ ತಿಳಿಯಲಿಲ್ಲ. ಆ ಉಸಿರಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತಿದ್ದವು.

ಮರುದಿನ ದಾರದಕ್ಕ ಅಂಗಡಿಯಲ್ಲಿ ಯಾರದೋ ಕೋಟಿಗೆ ಕಾಜ ಹೊಲಿಯುತ್ತಿದ್ದಾಗ, ಜಗಳವಾಡಿದ್ದ ಪಕ್ಕದ ಮನೆಯವಳೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಮೇಲಿನ ಮೇಸ್ತ್ರಿ ಯಾರ ಹಲಗೆಯನ್ನೂ ನೋಡುವವನಲ್ಲ.

ಮಣ್ಣು ಮಾಡಿದ್ದಾಯಿತು. ಬಂದವರು ಉಂಡು ಹೋದರು. ಪುಸ್ತಕ ಮಂಚದ ಕೆಳಗೆ ಬಿದ್ದಿತ್ತು. ವಾಪಸು ಕೊಡುವ ದಿನ ಕಳೆದು ಎಷ್ಟೋ ಆಗಿದ್ದರೂ ದಾರದಕ್ಕನಿಗೆ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಒಂದು ದಿನ ಆ ಧೈರ್ಯವೂ ಬಂತು. ಚೀಲಕ್ಕೆ ಹಾಕಿಕೊಂಡು ಹೋಗಿ, ಲೈಬ್ರರಿಯ ಬೆಂಚಿನ ಮೇಲೆ ಕೂತು, ಉಳಿದ ಪುಟಗಳನ್ನು ಓದಿದಳು. ಅವಳು ಎಷ್ಟೋ ದಿನ ತಿಣುಕಾಡಿ ಉಳಿಸಿದ್ದ ಪುಟಗಳು, ಒಂದು ಪಾತ್ರೆ ನೀರು ಕುದಿಯುವಷ್ಟು ಹೊತ್ತಿನಲ್ಲಿ ಮುಗಿದುಹೋದವು.

ಅಡುಗೆಯವನು ಬದುಕಿದ್ದ. ನೀರಿಗೆ ಹೋದವರು ಆಚೆ ದಡದ ಮೀನುಗಾರರ ಕೈಗೆ ಸಿಕ್ಕಿ ಉಳಿದುಕೊಂಡರು, ದ್ವೀಪಕ್ಕೆ ಹಡಗು ಕಳಿಸಿದವರೂ ಅವರೇ. ಇಷ್ಟನ್ನು ಕ್ಯಾಪ್ಟನ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ಅದಾದ ಮೇಲೆ ಪುಟಗಟ್ಟಲೆ ಅವನಿಗೆ ಆದ ಸನ್ಮಾನಗಳು, ತೊಡಿಸಿದ ಪದಕಗಳು, ಮಾಡಿದ ಭಾಷಣಗಳು.

ಇದನ್ನು ಕೇಳಿದ್ದರೆ ಬಡುಕಿ ಆ ಕ್ಯಾಪ್ಟನ್‌ನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಉಸಿರಿಲ್ಲದಿದ್ದರೂ ಎದ್ದು ಕೂತು ಬೈಯುತ್ತಿದ್ದಳು. ಏನೆಂದು ಬೈಯುತ್ತಿದ್ದಳು ಎಂದು ದಾರದಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ಹೊಳೆಯಲಿಲ್ಲ. ತಾನೇ ಒಂದೆರಡು ಬೈಗುಳ ಜೋಡಿಸಿ ನೋಡಿದಳು, ಉಪ್ಪು ಖಾರ ಇರಲಿಲ್ಲ.

ಲೈಬ್ರರಿಯವನು ಪುಸ್ತಕ ತೆಗೆದುಕೊಂಡು, ತಡವಾದದ್ದರ ಮಾತೆತ್ತದೆ, ಇದಕ್ಕೆ ನಿಮ್ಮವರು ಏನಂದ್ರು ಎಂದು ಎಂದಿನಂತೆ ಕೇಳಿದ.

"ಏನೂ ಅನ್ನಲಿಲ್ಲ ಸಾರ್. ನಾನು ಕೊನೆ ಓದಿ ಹೇಳಲಿಲ್ಲ. ಕೇಳಿದ್ದಳು, ಆದರೂ ಹೇಳಲಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದ. ಕೊನೆಗೆ, ನಿಮಗೆ ಅಂತ ಒಂದು ತಗೊಂಡು ಹೋಗಿ ಅಮ್ಮಾ, ಯಾವ ಬಗೆಯದಾದರೂ ಸರಿ ಎಂದ.

ದಾರದಕ್ಕ ಎದ್ದು ಬೀರುಗಳ ಹತ್ತಿರ ಹೋದಳು. ಒಂದು ಕಾದಂಬರಿ ತೆಗೆದು ಮೊದಲ ಪುಟ ಓದಿ, ಅಭ್ಯಾಸಬಲದಿಂದ ಸ್ವಲ್ಪ ಕಾದಳು. ಯಾರೂ ಏನೂ ಅನ್ನಲಿಲ್ಲ. ಇಟ್ಟಳು. ಒಂದು ಪ್ರವಾಸದ ಪುಸ್ತಕ ತೆಗೆದಳು, ಇಟ್ಟಳು. ಇನ್ನೊಂದು ತೆಗೆದಳು. ತನಗೆ ಯಾವುದು ಹಿಡಿಸುತ್ತದೆ ಎಂದು ಅವಳು ಒಂದು ದಿನವೂ ತನ್ನನ್ನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳುತ್ತ ಮುಂದಿನ ಪುಸ್ತಕದ ಬೆನ್ನು ಸವರಿದಳು. ಲೈಬ್ರರಿಯವನು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ. ಅವಳ ಪಕ್ಕದ ಕಿಟಕಿಯನ್ನು ಮಾತ್ರ ಮುಚ್ಚದೆ ಬಿಟ್ಟು, ತನ್ನ ಜಾಗಕ್ಕೆ ಹೋಗಿ ಕೂತ.