ಕಡೇ ನುಡಿಯ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳಿಗೆ ಹಾಡು ಕಲಿಸುವವನು ನಾನು. ಹಾಡೆಂದರೆ ಸ್ವರ, ತಾಳ, ಅಭ್ಯಾಸ. ಅದರಲ್ಲಿ ಬೇರೆ ಮಾಯಮಂತ್ರ ಏನೂ ಇಲ್ಲ ಎಂದು ವಾದಿಸುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ.

ನಾರಾಯಣಪುರದಲ್ಲಿ ಗಂಗಮ್ಮ ಎಂಬ ಮುದುಕಿ ಇದ್ದರು. ಸತ್ತವರ ಮನೆಯಲ್ಲಿ ಹೆಣದ ಮುಂದೆ ಕುಳಿತು ಹಾಡುವ ಒಂದು ಹಾಡು ಅವರೊಬ್ಬರಿಗೇ ಪೂರ್ತಿ ಬರುತ್ತಿತ್ತು. ಅವರ ಜೊತೆಗೇ ಅದು ಮಣ್ಣಾಗಬಾರದೆಂದು ಹೋದ ವರ್ಷ ಹಾರ್ಮೋನಿಯಂ ಹೊತ್ತು ಓಡಾಡಿ ಮಾತು, ಸ್ವರ ಎರಡನ್ನೂ ಬರೆದುಕೊಂಡೆ. ಕಡೇ ನುಡಿ ಮಾತ್ರ ಹಾಡಲು ಅವರು ಒಪ್ಪಲಿಲ್ಲ. ಅದರಲ್ಲಿ ಸತ್ತವರ ಹೆಸರು ಸೇರಿಸಿ ಹಾಡುವುದು ಪದ್ಧತಿ. ಸುಮ್ಮನೆ ಯಾವುದಾದರೊಂದು ಹೆಸರು ಹಾಕಿ ಎಂದೆ.

“ಬದುಕಿದವರ ನಡುವ ಯಾರ ಹೆಸರು ಹಾಕ್ಲಿರಿ ಸರ್? ಅದನ್ನ ಹೆಣದ ಮುಂದ ಕುಂತೇ ಕಲೀಬೇಕ್ರಿ,” ಎಂದರು. ನನಗೆ ಸಿಟ್ಟೇ ಬಂತು.

ಸಿಕ್ಕಷ್ಟನ್ನು ಹಲಗೆಯ ಮೇಲೆ ಬರೆದು ಹುಡುಗಿಯರಿಗೆ ಕಲಿಸತೊಡಗಿದೆ. ಒಂದು ಮಧ್ಯಾಹ್ನ, ಹುಮನಾಬಾದಿನಿಂದ ಬಸ್ಸಿಗೆ ಬರುವ ಶಶಿಕಲಾ ಹಾಡುತ್ತಿದ್ದಳು. ಹಲಗೆಯ ಬರಹ ಮುಗಿಯಿತು, ಅವಳು ನಿಲ್ಲಿಸಲಿಲ್ಲ. ಕಣ್ಣು ಖಾಲಿ ಹಲಗೆಯ ಮೇಲೇ ಇತ್ತು. ಸಾಲಿಗೆ ಮೊದಲು ಉಸಿರೆಳೆಯುವ ರೀತಿ ಥೇಟ್ ಮುದುಕಿಯದೇ. ಕಡೇ ನುಡಿ ಸಿಕ್ಕಿತೆಂಬ ಹಿಗ್ಗಿನಲ್ಲಿ ನಾನು ಬರೆದುಕೊಳ್ಳುತ್ತ ಹೋದೆ. ನಡುವೆ ‘ಗಂಗಮ್ಮ’ ಎಂಬ ಹೆಸರು ಬಂತು. ಮಕ್ಕಳೆದುರು ನಾನು ಮುದುಕಿಯನ್ನು ‘ಆಯಿ’ ಎಂದಷ್ಟೇ ಹೇಳುತ್ತಿದ್ದೆ, ಹೆಸರು ಎತ್ತಿರಲೇ ಇಲ್ಲ.

ಹೊರಗೆ ಬಂದು ಗಂಗಮ್ಮನ ಮನೆಗೆ ಫೋನ್ ಮಾಡಿದೆ. ಮುದುಕಿಯೇ ಎತ್ತಿದರು. ಆ ದನಿ ಕೇಳಿ ಜೀವ ಬಂದಂತಾಗಿ, ಪೆದ್ದನ ಹಾಗೆ, ಹೆಸರೊಂದನ್ನು ಬಿಟ್ಟು ನಡೆದದ್ದೆಲ್ಲ ಹೇಳಿದೆ.

“ಯಾರ ಹೆಸರು ಹಾಕ್ಯಾಳ್ರಿ?” ಎಂದು ಕೇಳಿದರು.

ಹುಡುಗಿ ಚೆನ್ನಾಗಿ ಹಾಡಿದಳು ಎಂದು ಮಾತು ತಿರುಗಿಸಿದೆ. ಅವರು ಮತ್ತೆ ಕೇಳದೆ, “ಆತು ಬಿಡ್ರಿ. ಹುಡುಗಿ ಕಲ್ತಾಳಲ್ಲ,” ಎಂದರು.

ಹೊತ್ತು ಮುಳುಗುವಷ್ಟರಲ್ಲಿ ತೀರಿಕೊಂಡರು.

ವಯಸ್ಸಾಗಿತ್ತು, ನಿಜ. ನನ್ನ ಮಾತಿಗೆ ಹೆದರಿದರೇನೋ ಎಂದೂ ಯೋಚಿಸಿದ್ದೇನೆ. ಆದರೆ ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಶಶಿಕಲಾಗೆ ತಾನು ಹಾಡಿದ್ದೇ ನೆನಪಿಲ್ಲ. ಮಗಳನ್ನು ಯಾವ ಸಾವಿನ ಮನೆಗೂ ಕರೆದೊಯ್ದಿಲ್ಲ ಎಂದು ಅವಳ ತಾಯಿ ಆಣೆ ಮಾಡಿ ಹೇಳುತ್ತಾರೆ. ಎಷ್ಟು ತಲೆ ಕೆಡಿಸಿಕೊಂಡರೂ ನನಗೆ ಅರ್ಥವಾಗಿಲ್ಲ.

ಹಾಡು ಉಳಿಯಬೇಕಲ್ಲ ಎಂದು ಮೊನ್ನೆ ಧೈರ್ಯ ಮಾಡಿ ಕಡೇ ನುಡಿಯನ್ನೂ ಹಲಗೆಯ ಮೇಲೆ ಬರೆದೆ, ಹೆಸರಿನ ಜಾಗ ಖಾಲಿ ಬಿಟ್ಟು. ಶಶಿಕಲಾ ಅಲ್ಲಿಗೆ ಬೆರಳು ತೋರಿಸಿದಳು.

“ಇಲ್ಲಿ ಯಾರ ಹೆಸರು ಹಾಕ್ಲಿರಿ ಸರ್?”

ಸಾಲಾಗಿ ಕುಳಿತ ಮಕ್ಕಳ ಮುಖ ನೋಡಿದೆ. ಹಲಗೆ ಒರೆಸಿ, ಎಲ್ಲರನ್ನೂ ಮನೆಗೆ ಕಳಿಸಿದೆ.