ಸುಟ್ಟ ಪ್ಯಾನೆಲ್ಲಿನ ಕೆಂಪು ತಂತಿ

ನೂಲಿನ ಗಿರಣಿಯಲ್ಲಿ ಅವಳನ್ನು ಎಲ್ಲರೂ ಗಾಳಿಯಕ್ಕ ಎನ್ನುತ್ತಿದ್ದರು. ಯಂತ್ರ ನಿಂತಿತೆಂದು ಯಾರು ಓಡಿಬಂದರೂ ಅವಳ ಮೊದಲ ಮಾತು ಒಂದೇ: "ಫ್ಯಾನ್ ಗಾಳಿ ಬರ್ತಿದೆಯಾ, ನೋಡಿದ್ರಾ?" ಮೋಟಾರುಗಳ ವೇಗ ಹಿಡಿದಿಡುವ ಡ್ರೈವ್ ಪೆಟ್ಟಿಗೆಗಳಿಗೆ ಬಿಸಿಯೇ ಶತ್ರು. ಒಳಗೆ ವಿದ್ಯುತ್ ಹಾಯಿಸುವ ಮಾಡ್ಯೂಲನ್ನು ತಣಿಸುವ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹತ್ತಿಯ ಧೂಳು ಹಾಸಿಗೆ ಹಾಸಿಕೊಂಡರೆ, ಫ್ಯಾನು ಎಷ್ಟು ತಿರುಗಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ ಮೊದಲು ಅವಳ ಗಂಡನದಾಗಿತ್ತು. ಒಂದು ಮಧ್ಯಾಹ್ನ ಡ್ರೈವ್ ಇರುವ ಪ್ಯಾನೆಲ್ಲಿನ ಬಾಗಿಲು ತೆರೆದು ನೋಡುತ್ತಿದ್ದಾಗ ಮಾಡ್ಯೂಲ್ ಸಿಡಿದು ಬೆಂಕಿ ಮುಖಕ್ಕೆ ಬಡಿಯಿತು. ಆಸ್ಪತ್ರೆಗೆ ಹೋದವನು ಮನೆಗೆ ಮರಳಲಿಲ್ಲ. ಬಿಸಿಯೇರಿದ ಯಂತ್ರವನ್ನು ನಿಲ್ಲಿಸಲು ಗಿರಣಿಯ ಮೇಸ್ತ್ರಿಯೇ ಬಿಡಲಿಲ್ಲವೆಂದು ಊರೆಲ್ಲ ಆಡಿಕೊಂಡಿತು. ಮೇಸ್ತ್ರಿಯ ಮಾತು ಬಂದರೆ ಸಾಕು, ಅತ್ತೆ ಶಪಿಸುತ್ತ ಎದ್ದು ಒಳಗೆ ಹೋಗುತ್ತಿದ್ದರು. ಸೊಸೆಗೆ ಕೆಲಸ ಕೊಡಿಸಿದವರೂ ಕಲಿಸಿದವರೂ ಅದೇ ಮೇಸ್ತ್ರಿ. ಅವಳು ಹಲ್ಲು ಕಚ್ಚಿ ಕಲಿತಳು. ಆದರೆ ಅವರ ಮುಖ ನೋಡಿ ಒಮ್ಮೆಯೂ ನಕ್ಕವಳಲ್ಲ.

ವರ್ಷಗಳು ಕಳೆದವು. ಮೇಸ್ತ್ರಿ ರಜೆಯಲ್ಲಿದ್ದಾಗ ಒಂದು ಡ್ರೈವಿನ ಫ್ಯಾನು ಕೆಟ್ಟಿತು. ಸ್ಟೋರಿನಲ್ಲಿ ಬದಲಿ ಇರಲಿಲ್ಲ. ಅವಳು ಗುಜರಿ ಕೋಣೆಗೆ ಹೋಗಿ ಟಾರ್ಪಾಲು ಸರಿಸಿದಳು. ಕರಿಹಿಡಿದ ಆ ಪ್ಯಾನೆಲ್ಲನ್ನು ನೋಡಿದೊಡನೆ, ಗಂಡನನ್ನು ಬಲಿತೆಗೆದುಕೊಂಡದ್ದು ಇದೇ ಎಂದು ಗುರುತು ಹಿಡಿದಳು.

ಫ್ಯಾನು ಬಿಚ್ಚಲು ಬಗ್ಗಿದಾಗ, ಬೆಂಕಿ ತಾಕದ ಕೆಳಮೂಲೆಯಲ್ಲಿ ಒಂದು ಕೆಂಪು ತಂತಿ ಕಂಡಿತು. ಬಿಸಿ ಏರಿದರೆ ಯಂತ್ರವನ್ನು ತಾನಾಗಿ ನಿಲ್ಲಿಸುವ ಸೆನ್ಸರಿನ ಎರಡೂ ತುದಿಗಳನ್ನು ಅದರಿಂದ ಜೋಡಿಸಿದ್ದರು. ಒಳಗೆ ಎಷ್ಟೇ ಕುದಿದರೂ ಯಂತ್ರ ನಿಲ್ಲದಿರಲಿ ಎಂದು ಯಾರೋ ಮಾಡಿದ ಉಪಾಯ. ಅವಳ ಮೈ ಉರಿಯಿತು. ಕೊನೆಗೂ ಕೊಂದವನು ಸಿಕ್ಕಿದ ಎನಿಸಿತು.

ಆಮೇಲೆ ತಂತಿಯ ಹೊಸೆತ ನೋಡಿದಳು. ಎಡಗೈಯವರ ತಿರುವು, ತುದಿ ಕೊಕ್ಕೆಯಂತೆ ಹಿಂದಕ್ಕೆ ಮಡಿಸಿತ್ತು. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿ, ಮುರಿದ ರೇಡಿಯೋ, ಅತ್ತೆಯ ಕನ್ನಡಕದ ಕಡ್ಡಿ, ಎಲ್ಲಕ್ಕೂ ಗಂಡ ಹೀಗೆಯೇ ಕಟ್ಟಿದ್ದ. ಅವಳು ಫ್ಯಾನು ಬಿಚ್ಚಿಕೊಂಡು, ಪ್ಯಾನೆಲ್ಲಿಗೆ ಮತ್ತೆ ಟಾರ್ಪಾಲು ಹೊದಿಸಿದಳು.

ಸಂಜೆ ಮೇಸ್ತ್ರಿಯ ಮನೆಗೆ ಹೋದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದರು ಅವರು.

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ತಪ್ಪು ಅವನದೇ ಅಂತ ಆಗಿದ್ರೆ ನಿನಗೆ ಈ ಕೆಲಸ ಸಿಕ್ತಿರ್ಲಿಲ್ಲ ತಂಗಿ. 'ಪಾಳಿ ಮುಗಿಯೋವರೆಗೂ ಓಡ್ಲಿ, ಆಮೇಲೆ ತಂತಿ ಬಿಚ್ಚಿ ಹಾಕ್ತೀನಿ' ಅಂದ. ನಾನೂ ಹೂಂ ಅಂದೆ. ಆ ಹೂಂ ನಂದೇ ಅಲ್ವಾ?"

ಅತ್ತೆಗೆ ಹೇಳುವುದೋ ಬೇಡವೋ? ನುಂಗಲಾಗದ, ಉಗುಳಲಾಗದ ಬಿಸಿ ತುಪ್ಪ. ಕೊನೆಗೆ ಹೇಳಿಯೇಬಿಟ್ಟಳು. ಅತ್ತೆ ಮಡಿಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

"ಅವನಿಗೆ ಕಾಯೋದು ಅಂದ್ರೆ ಆಗ್ತಿರ್ಲಿಲ್ಲ," ಎಂದರು. "ಏಳು ತಿಂಗಳಿಗೇ ಹುಟ್ಟಿದೋನು." ನಗಲು ಹೋದರು, ಬಾಯಿ ಸೊಟ್ಟಗಾಯಿತು. "ಆ ಮನುಷ್ಯನ್ನ ಒಂದ್ಸಲ ಬರೋಕೆ ಹೇಳು."

ಭಾನುವಾರ ಮೇಸ್ತ್ರಿ ಬಂದು ಹೊಸ್ತಿಲ ಹೊರಗೇ ನಿಂತರು. ಅತ್ತೆ ಬಾಗಿಲಿಗೆ ಬಂದರು. ಇಷ್ಟು ವರ್ಷ ಶಪಿಸಿದ್ದಕ್ಕೆ ಯಾವ ಮಾತು ಸಾಕಾದೀತು?

"ಊಟ ಆಯ್ತೇನಪ್ಪಾ?" ಎಂದರು.

ಆ ದೊಡ್ಡ ಮೈಯ ಮನುಷ್ಯ ಬಾಗಿಲು ಹಿಡಿದು ಬಿಕ್ಕಿಬಿಕ್ಕಿ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಸೊಸೆ ತಟ್ಟೆ ಇಟ್ಟು ಬಡಿಸಿದಳು. ಅವಳೂ ಮೇಸ್ತ್ರಿಯೂ ಹೇಗೋ ಉಂಡರು. ಅತ್ತೆ ಮಾತ್ರ ಕಲಸಿದ ತುತ್ತನ್ನು ಎತ್ತಲಿಲ್ಲ.