ಇದನ್ನ ಯಾರು ಕರಕೊಂಡು ಬಂದಾರ?

ನಮ್ಮ ತಂಡದ ಜಾವಾ ಪ್ರೋಗ್ರಾಮ್, ಆ ಸರ್ವಿಸ್, ಹೊಸ ಸರ್ವರಿನ ಮೇಲೆ ಎಂದೂ ಏಳುವುದಿಲ್ಲ, ಶುರುವೇ ಆಗುವುದಿಲ್ಲ ಎಂದವರು ಗಚ್ಚಿಬೌಲಿಯ ನಮ್ಮ ಸಾಫ್ಟ್‌ವೇರ್ ಆಫೀಸಿನ ಮ್ಯಾನೇಜರ್. ಏಳಿಸಿ ತೋರಿಸುತ್ತೇನೆಂದು ನಾನು ಹಟ ತೊಟ್ಟೆ. ನಮ್ಮ ಮನೆತನದ ಮೊದಲ ಪದವಿ ನನ್ನದು, ಕಷ್ಟಪಟ್ಟು ಪಡೆದದ್ದು. ಆಫೀಸಿನ ಕುಟುಂಬ ದಿನಕ್ಕೆ ಬರಲಿದ್ದ ಅವ್ವನ ಮುಂದೆ ಆ ವರ್ಷದ ಪ್ರಶಸ್ತಿಪತ್ರ ನನ್ನ ಕೈಗೇ ಬರಬೇಕಿತ್ತು.

ಪಕ್ಕದ ಕುರ್ಚಿ ನಮ್ಮ ತಂಡದ ಒಬ್ಬಾಕೆಯದು. ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ನಮ್ಮ ಕಡೆಯ ರೈಲ್ವೆ ಅಧಿಕಾರಿಯ ಮಗಳು, ಮನೆತುಂಬ ಓದಿದವರು. ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ಯೋಚಿಸುವಾಗ ಕನ್ನಡಕ ತೆಗೆದು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು. ಪ್ರೋಗ್ರಾಮಿನಲ್ಲಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಯಾವ ಲೈಬ್ರರಿ ಕಂಡರೂ, ಕರೆಯದೆ ಬಂದ ನೆಂಟರನ್ನು ವಿಚಾರಿಸುವಂತೆ, “ಇದನ್ನ ಯಾರು ಕರಕೊಂಡು ಬಂದಾರ?” ಎನ್ನುತ್ತಿದ್ದಳು.

ನಮ್ಮ ಸರ್ವಿಸ್, ಎಕ್ಸ್‌ಎಂಎಲ್ ಕಡತಗಳನ್ನು ಓದಿಕೊಡುವ ಪಾರ್ಸರ್ ಎಂಬ ಲೈಬ್ರರಿಯ ಬಳಿಯೇ ಮುಗ್ಗರಿಸುತ್ತಿತ್ತು. ಪ್ರತಿ ಸಲ ನಾನು ಇನ್ನೂ ಹೊಸ ಪಾರ್ಸರ್ ತಂದು ಸೇರಿಸುತ್ತಿದ್ದೆ. ಒಂದು ಮಧ್ಯಾಹ್ನ ಆಕೆ ನನ್ನ ಪರದೆಗೆ ಬಗ್ಗಿದಳು.

“ಸರ್ವರ್‌ದಾಗ ಮೊದಲಿಂದ್ಲೂ ಒಂದು ಪಾರ್ಸರ್ ಐತ್ರಿ. ನಮ್ಮ ರಿಪೋರ್ಟ್ ಲೈಬ್ರರಿ ಬೆನ್ನು ಹತ್ತಿ ಹಳೇದೊಂದು ಬಂದೈತಿ. ಅದರ ಮ್ಯಾಲ ನಿಮ್ಮದೊಂದು. ಒಂದರ ಮಾತು ಒಂದಕ್ಕ ತಿಳೀವಲ್ದು!”

ನಗುತ್ತಲೇ ನಮ್ಮ ಫೋಲ್ಡರಿನಲ್ಲಿದ್ದ ಎರಡನ್ನೂ ಅಳಿಸಿದಳು. ಸರ್ವಿಸ್ ಎದ್ದು ನಿಂತಿತು. ಮ್ಯಾನೇಜರ್ ಓಡಿಬಂದು ಆಕೆಯ ಕೈ ಕುಲುಕಿದರು. ನನಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ.

ಕುಟುಂಬ ದಿನ ಪ್ರಶಸ್ತಿಪತ್ರ ಆಕೆಯ ಕೈ ಸೇರಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಅವ್ವನ ಕಿವಿಗೆ ಬಗ್ಗಿ, “ಆಕಿ ಹೊಸಾದೇನೂ ಮಾಡಿಲ್ಲ ಯವ್ವಾ. ಬ್ಯಾಡಾಗಿದ್ದು ತಗದು ಒಗದಾಳ, ಅಷ್ಟ” ಎಂದೆ.

ಅವ್ವ ಚಪ್ಪಾಳೆ ನಿಲ್ಲಿಸದೆ ಕೇಳಿದಳು: “ಮತ್ತ ನೀ ಯಾಕ ತಗೀಲಿಲ್ಲಪಾ?”